ಒಂದೇ ಮುಳ್ಳಿನ ಹಿತ್ತಾಳೆ ಗಡಿಯಾರ: 1650ರದ್ದು ಅಂತ ಕೊಟ್ಟರು, ನಂಬಬಹುದಾ?

ಪ್ರಶ್ನೆ (ರೀಡಿಂಗ್, ಇಂಗ್ಲೆಂಡ್‌ನಿಂದ): ನಮಸ್ಕಾರ ಸರ್. ಹೋದ ತಿಂಗಳು ಇಲ್ಲಿ ಒಂದು ಹರಾಜಿನಲ್ಲಿ ಲ್ಯಾಂಟರ್ನ್ ಕ್ಲಾಕ್ ತಗೊಂಡೆ. ಸುಮಾರು 38 ಸೆಂಟಿಮೀಟರ್ ಎತ್ತರ, ಹೊರಗೆಲ್ಲ ಹಿತ್ತಾಳೆ, ನೆತ್ತಿಯ ಮೇಲೆ ಗಂಟೆ. ಗಂಟೆಯ ಕೆಳಗೆ ಎರಡು ಮೀನು ಬಾಲ ಹೆಣೆದುಕೊಂಡಿರುವ ಜಾಲರಿ. ಕೆಳಗೆ ಮೀಟರಿನಷ್ಟು ಉದ್ದದ ಲೋಲಕ, ಒಂದು ಹಗ್ಗ, ಒಂದು ಸೀಸದ ಗುಂಡು. ಮುಳ್ಳು ಮಾತ್ರ ಒಂದೇ ಇದೆ, ನಿಮಿಷದ್ದು ಎಲ್ಲೋ ಬಿದ್ದುಹೋಗಿರಬೇಕು. ಹರಾಜಿನ ಚೀಟಿಯಲ್ಲಿ '1650ರ ಆಸುಪಾಸು, ಎಲ್ಲವೂ ಮೂಲದ್ದೇ' ಅಂತಿದೆ. ನಿಮಿಷದ ಮುಳ್ಳು ಹಾಕಿಸಬೇಕಾ? ಚೀಟಿ ನಂಬಲಾ?

ಉತ್ತರ: ಮುಳ್ಳು ಬಿದ್ದಿಲ್ಲ, ಅದಕ್ಕೆ ಹುಟ್ಟಿನಿಂದಲೇ ಒಂದೇ ಮುಳ್ಳು. ದಯವಿಟ್ಟು ಇನ್ನೊಂದು ಹಾಕಿಸಬೇಡಿ. ಅಂಕಿಗಳ ಉಂಗುರದ ಒಳ ಅಂಚು ನೋಡಿ, ಒಂದು ಗಂಟೆಗೂ ಇನ್ನೊಂದಕ್ಕೂ ನಡುವೆ ನಾಲ್ಕೇ ಮನೆ ಇರುತ್ತವೆ, ಐದೈದು ನಿಮಿಷದ ಗೀರುಗಳಲ್ಲ. ಮುಳ್ಳು ಏಳು ದಾಟಿ ಒಂದು ಮನೆ ಹೋದರೆ ಏಳೂಕಾಲು, ಎರಡು ಮನೆಗೆ ಏಳೂವರೆ, ಮೂರಕ್ಕೆ ಏಳೂ ಮುಕ್ಕಾಲು. ನಮ್ಮಜ್ಜಿ ಹೊತ್ತು ಹೇಳುತ್ತಿದ್ದುದೂ ಇದೇ ಲೆಕ್ಕದಲ್ಲಿ, ಅವರಿಗೆ ಇದನ್ನು ಓದಲು ಪಾಠವೇ ಬೇಕಾಗುತ್ತಿರಲಿಲ್ಲ. ಅಂದಹಾಗೆ ಅವು ಮೀನಲ್ಲ, ಡಾಲ್ಫಿನ್.

ಈಗ ಚೀಟಿಯ ವಿಷಯ. ಅದರ ಎರಡು ಮಾತೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಡಚ್ ವಿಜ್ಞಾನಿ ಹೈಗೆನ್ಸ್ ಲೋಲಕದ ಗಡಿಯಾರ ರೂಪಿಸಿದ್ದೇ 1656ರಲ್ಲಿ. ಅದು ಲಂಡನ್ನಿಗೆ ಬಂದದ್ದು ಗಡಿಯಾರ ಮಾಡುವ ಫ್ರೊಮಾಂಟೀಲ್ ಮನೆತನದ ಮೂಲಕ, 1658ರಲ್ಲಿ ಅವರು ಪತ್ರಿಕೆಯಲ್ಲಿ ಜಾಹೀರಾತನ್ನೇ ಕೊಟ್ಟರು. ಅದೂ ಗೇಣುದ್ದದ ಪುಟ್ಟ ಲೋಲಕ. ಸೆಕೆಂಡಿಗೊಮ್ಮೆ ಟಿಕ್ ಅನ್ನುವ ನಿಮ್ಮಂಥ ಉದ್ದ ಲೋಲಕಕ್ಕೆ ಆಂಕರ್ ಎಸ್ಕೇಪ್‌ಮೆಂಟ್ (ಚಕ್ರವನ್ನು ಹಲ್ಲುಹಲ್ಲಾಗಿ ತಡೆದು ಬಿಡುವ ಲಂಗರಿನಾಕಾರದ ಕೊಂಡಿ) ಬೇಕು, ಅದು ಬಳಕೆಗೆ ಬಂದದ್ದು 1670ರ ಸುಮಾರಿಗೆ. ಹಾಗಾಗಿ ಒಂದೋ ಗಡಿಯಾರ ಚೀಟಿಗಿಂತ ಕಿರಿಯದು, ಇಲ್ಲವೇ ಲೋಲಕ ಆಮೇಲೆ ಸೇರಿದ್ದು. ಎರಡರಲ್ಲಿ ಯಾವುದು ಅಂತ ತೂತುಗಳು ಹೇಳುತ್ತವೆ. ಗಂಟೆ ಬಿಚ್ಚಬೇಡಿ. ಪಕ್ಕದಿಂದ ಟಾರ್ಚ್ ಬಿಟ್ಟು ಗಂಟೆಯ ಕೆಳಗಿನ ಮೇಲ್ತಟ್ಟೆಯನ್ನು ನೋಡಿ, ಕೆಲಸವಿಲ್ಲದ ತೂತು ಇದ್ದರೆ ಫೋಟೋ ಹಾಕಿ.

ಅದೇ ಸದಸ್ಯರು: ಇವೆ ಸರ್! ನಡುಮಧ್ಯೆ ಒಂದು ತೂತು, ಬೇರೆ ಬಣ್ಣದ ಹಿತ್ತಾಳೆಯಿಂದ ಮುಚ್ಚಿದ್ದಾರೆ. ಪಕ್ಕದಲ್ಲಿ ಎರಡು ಸಣ್ಣ ಖಾಲಿ ತೂತು. ಅಂದರೆ ನನಗೆ ಟೋಪಿ ಹಾಕಿದರಾ? ಡಯಲ್ ಮೇಲೆ ಮಾಡಿದವರ ಹೆಸರು ಸವೆದಿದೆ, 'ಲಾಥ್‌ಬರಿ' ಅನ್ನುವುದು ಮಾತ್ರ ಓದಲು ಬರುತ್ತದೆ.

ಉತ್ತರ: ಬೇಜಾರಾಗಬೇಡಿ, ಆ ತೂತುಗಳೇ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತಿವೆ. ಲೋಲಕ ಬರುವ ಮುಂಚೆ ಈ ಗಡಿಯಾರಗಳಲ್ಲಿ ಬ್ಯಾಲೆನ್ಸ್ ಚಕ್ರ ಇರುತ್ತಿತ್ತು. ಮೇಲ್ತಟ್ಟೆಗೂ ಗಂಟೆಗೂ ನಡುವಿನ ಜಾಗದಲ್ಲಿ ಅದು ಅಡ್ಡಡ್ಡಲಾಗಿ ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ತೊನೆಯುತ್ತಿತ್ತು. ಅದಕ್ಕೆ ಹೇರ್‌ಸ್ಪ್ರಿಂಗ್ (ಚಕ್ರವನ್ನು ಮರಳಿ ಎಳೆಯುವ ಸಣ್ಣ ಸುರುಳಿ) ಕೂಡ ಇರಲಿಲ್ಲ. ದಿನಕ್ಕೆ ಕಾಲು ಗಂಟೆ ಹಿಂದೆಮುಂದೆ ಆಗುವುದು ಮಾಮೂಲು, ಜನ ನೆರಳುಗಡಿಯಾರ ನೋಡಿ ಮುಳ್ಳು ತಿರುಗಿಸಿಕೊಳ್ಳುತ್ತಿದ್ದರು. ಲೋಲಕ ಬಂದ ಮೇಲೆ ಯಾರು ಬಿಡುತ್ತಾರೆ? ಹಳೇ ತೊಟ್ಟಿಮನೆಗೆ ಕರೆಂಟ್ ಎಳೆಸಿದ ಹಾಗೆ ಎಲ್ಲರೂ ತಮ್ಮ ಗಡಿಯಾರಕ್ಕೆ ಲೋಲಕ ಹಾಕಿಸಿಕೊಂಡರು. ಮೂಲ ಬ್ಯಾಲೆನ್ಸ್ ಉಳಿಸಿಕೊಂಡವು ಇವತ್ತು ಸಿಗುವುದೇ ಅಪರೂಪ. ನಿಮ್ಮದು ಬ್ಯಾಲೆನ್ಸ್ ಗಡಿಯಾರವಾಗಿ ಹುಟ್ಟಿ ಆಮೇಲೆ ಲೋಲಕ ಕಂಡದ್ದು ಅಂತಲೇ ನನಗೆ ಅನ್ನಿಸುತ್ತದೆ. ಆ ಲೆಕ್ಕದಲ್ಲಿ ಚೌಕಟ್ಟಿಗೆ 1650 ಹೊಂದುತ್ತದೆ. 'ಎಲ್ಲವೂ ಮೂಲದ್ದೇ' ಅನ್ನುವುದು ಸುಳ್ಳು. ಒಂದೇ ಗುಂಡು ಇರುವುದೂ ಆಮೇಲಿನ ಮಾರ್ಪಾಟೇ ಇರಬೇಕು. ಮೊದಲು ಓಟಕ್ಕೊಂದು, ಗಂಟೆ ಹೊಡೆಯಲು ಒಂದು ಅಂತ ಎರಡು ಗುಂಡು ಇರುತ್ತಿದ್ದವು. ತುದಿಯಿಲ್ಲದ ಬಳೆಯಂಥ ಹಗ್ಗದಲ್ಲಿ ಎರಡು ಕೆಲಸವನ್ನೂ ಒಂದೇ ಗುಂಡಿಗೆ ವಹಿಸುವ ಉಪಾಯ ಹೈಗೆನ್ಸ್‌ನದು. ಅದರಲ್ಲಿ ಗುಂಡು ಮೇಲೆಳೆಯುವಾಗಲೂ ಗಡಿಯಾರ ನಿಲ್ಲುವುದಿಲ್ಲ.

ಲಾಥ್‌ಬರಿ ಅಂದರೆ ಲಂಡನ್ ಸಿಟಿಯಲ್ಲಿ ಆಗ ಹಿತ್ತಾಳೆ ಎರಕದವರಿದ್ದ ಬೀದಿ. ವಿಲಿಯಂ ಸೆಲ್‌ವುಡ್, ಅವನ ನಂತರ ಥಾಮಸ್ ಲೂಮ್ಸ್, ಇಬ್ಬರೂ ಅಲ್ಲಿ 'ಮರ್ಮೇಡ್' ಅನ್ನುವ ಫಲಕದಡಿ ಕೂತು ಇಂಥವೇ ಗಡಿಯಾರ ಮಾಡುತ್ತಿದ್ದರು. ಆದರೆ ಒಂದು ಹೆಸರು ಕೆತ್ತುವುದು ಯಾವ ಕಾಲದಲ್ಲೂ ಸುಲಭ, ಹೆಸರು ನೋಡಿ ಕುಣಿಯಬೇಡಿ. ಉಗುರಿನ ತುದಿಯನ್ನು ಅಕ್ಷರದ ಅಡ್ಡಕ್ಕೆ ಎಳೆಯಿರಿ. ಮುನ್ನೂರೈವತ್ತು ವರ್ಷ ಬಟ್ಟೆಯಲ್ಲಿ ಒರೆಸಿಕೊಂಡ ಅಕ್ಷರದ ಅಂಚು ಸೋಪಿನ ಬಿಲ್ಲೆಯಂತೆ ಜಾರುತ್ತದೆ, ನಿನ್ನೆ ಮೊನ್ನೆ ಕೆತ್ತಿದ್ದು ಉಗುರನ್ನು ಹಿಡಿಯುತ್ತದೆ. ಪಕ್ಕದ ಹೂಬಳ್ಳಿಯ ಗೀರಿಗೂ ಹಾಗೇ ಮಾಡಿ, ಎರಡೂ ಒಂದೇ ತರಹ ಸವೆದಿರಬೇಕು.

ಪ್ರಶ್ನೆ (ಬೆಂಗಳೂರಿನಿಂದ): ನಡುವೆ ಬಂದೆ, ಕ್ಷಮಿಸಿ. ನನ್ನ ಹತ್ತಿರವೂ ಇದೇ ಆಕಾರದ್ದು ಇದೆ, ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಎರಡು ಮುಳ್ಳು, ಡಯಲ್ ಮೇಲೆ ಕೀಲಿ ಕೊಡಲು ಎರಡು ತೂತು. ಅಂಗಡಿಯವರು 'ನಾನ್ನೂರು ವರ್ಷ ಹಳೆಯದು' ಅಂದರು.

ಉತ್ತರ: ಇಲ್ಲ ಸಾರ್. ಗುಂಡಿನಿಂದ ಓಡುವ ಲ್ಯಾಂಟರ್ನ್ ಗಡಿಯಾರಕ್ಕೆ ಕೀಲಿ ತೂತು ಯಾಕೆ? ಹಗ್ಗ ಎಳೆದರೆ ಮುಗಿಯಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಎಷ್ಟೋ ಹಳೇ ಲ್ಯಾಂಟರ್ನ್‌ಗಳ ಕರುಳು ಕಿತ್ತು, ಸ್ಪ್ರಿಂಗ್ ಮತ್ತು ಫ್ಯೂಸೀ (ಸ್ಪ್ರಿಂಗಿನ ಎಳೆತವನ್ನು ಸಮ ಮಾಡುವ ಶಂಕುವಿನಾಕಾರದ ರಾಟೆ) ಇರುವ ಯಂತ್ರ ತುರುಕಿ, ಅಗ್ಗಿಷ್ಟಿಕೆಯ ಮೇಲೆ ಇಟ್ಟುಕೊಂಡರು. ಹೊರಗಿನದನ್ನೂ ಸೇರಿಸಿ ಹೊಸದಾಗಿಯೇ ಮಾಡಿದವು ಇನ್ನೂ ಹೆಚ್ಚು. ಪಕ್ಕದ ಬಾಗಿಲು ತೆಗೆದು ಅದರ ಒಳಮೈ ಮುಟ್ಟಿ ನೋಡಿ. ಕನ್ನಡಿಯಂತೆ ನುಣುಪಾಗಿದ್ದರೆ ರೋಲಿಂಗ್ ಮಿಲ್ಲಿನ ತಗಡು. ಹಳೆಯದಾದರೆ ಸುತ್ತಿಗೆ ಏಟು, ಅರದ ಗೀರು, ಎರಕದ ಗುಳಿ ಕೈಗೆ ಸಿಗಬೇಕು. ಕಾಣದ ಕಡೆ ಪಾಲಿಶ್ ಮಾಡಿ ಕೂಲಿ ದಂಡ ಮಾಡಿಕೊಳ್ಳುವವರು ಆಗಲೂ ಇರಲಿಲ್ಲ.

ರೀಡಿಂಗ್ ಸದಸ್ಯರು: ಸರ್, ಅಮ್ಮ ಊರಿಂದ ಬಂದಿದ್ದಾರೆ. ಗಡಿಯಾರ ಕಪ್ಪಾಗಿದೆ ಅಂತ ಹುಣಸೆಹಣ್ಣು ನೆನೆಸಿಟ್ಟಿದ್ದಾರೆ. ಆಯುಧಪೂಜೆಗೆ ಬೆಳಗಿಟ್ಟರೆ ಪರವಾಗಿಲ್ಲವಾ?

ಉತ್ತರ: ಆ ಹುಣಸೆಹಣ್ಣಿನಲ್ಲಿ ಸಾರು ಮಾಡಿಸಿಕೊಂಡು ಊಟ ಮಾಡಿ! ದೀಪದ ಕಂಬ ಬೇರೆ, ಇದು ಬೇರೆ. ಹುಳಿ ಸಂದಿಗೆ ಇಳಿದರೆ ಒಳಗಿನ ಉಕ್ಕಿನ ಅಚ್ಚುಗಳಿಗೆ ತುಕ್ಕು ಹಿಡಿಯುತ್ತದೆ. ಅಂಕಿಗಳ ಗೀರಿನಲ್ಲಿ ತುಂಬಿರುವ ಕರಿ ಮೇಣ ಉಜ್ಜಿದರೆ ಕಿತ್ತುಬರುತ್ತದೆ. ನನ್ನ ಬೆಂಚಿಗೆ ಬರುವ ಹಿತ್ತಾಳೆ ಗಡಿಯಾರಗಳಲ್ಲಿ ಕಾಲ ಮಾಡಿದ ಹಾನಿಗಿಂತ ಬೆಳಗಿದವರು ಮಾಡಿದ್ದೇ ಜಾಸ್ತಿ. ಒಣ ಹತ್ತಿಬಟ್ಟೆಯಲ್ಲಿ ಧೂಳು ಒರೆಸಿ, ಕುಂಕುಮ ಕೂಡ ಗೋಡೆಗೆ ಇಡಿ.

ಗೋಡೆ ಅಂದಾಗ ನೆನಪಾಯಿತು: ಹಿಂಭಾಗದಲ್ಲಿ ಮೇಲೆ ಕಬ್ಬಿಣದ ಬಳೆ, ಕೆಳಗೆ ಎರಡು ಮೊನೆ ಇದ್ದರೆ, ಬಳೆ ಮೊಳೆಗೆ, ಮೊನೆ ಗೋಡೆಗೆ ಒತ್ತಿಕೊಳ್ಳಬೇಕು. ಅಲ್ಲಿನ ಮನೆಗಳ ಪ್ಲಾಸ್ಟರ್‌ಬೋರ್ಡಿಗೆ ಬರೀ ಮೊಳೆ ಹೊಡೆದರೆ ಗುಂಡಿನ ಸಮೇತ ನೆಲಕ್ಕೆ ಬರುತ್ತದೆ. ಹಿಂದಿನ ಮರದ ಕಂಬ ಹುಡುಕಿ ಸ್ಕ್ರೂ ಹಾಕಿಸಿ.

ರೀಡಿಂಗ್ ಸದಸ್ಯರು: ತೂಗುಹಾಕಿದೆವು, ಓಡುತ್ತಿದೆ. ಆದರೆ ಮುಳ್ಳು ನಾಲ್ಕರ ಮೇಲೆ ಇದ್ದರೆ ಏಳು ಹೊಡೆಯುತ್ತದೆ. ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಎಷ್ಟು ಏಟು ಅಂತ ತೀರ್ಮಾನ ಮಾಡುವುದು ಹಿಂದಿರುವ ಎಣಿಕೆ ಚಕ್ರ. ಅದರ ಅಂಚಿನ ಕಚ್ಚುಗಳ ನಡುವಿನ ದೂರ ಹೆಚ್ಚುತ್ತಾ ಹೋಗುತ್ತದೆ. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು ಅಷ್ಟೇ ಅದಕ್ಕೆ ಗೊತ್ತು, ಮುಳ್ಳು ಎಲ್ಲಿದೆ ಅನ್ನುವುದು ಗೊತ್ತಿಲ್ಲ. ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡಿ. ಕಚ್ಚಿಗೆ ಬೀಳುವ ಸಣ್ಣ ಸನ್ನೆಕೋಲನ್ನು ಬೆರಳಿಂದ ಎತ್ತಿ ಬಿಡಿ, ಎಂಟು ಹೊಡೆಯುತ್ತದೆ. ಮತ್ತೆ ಎತ್ತಿ, ಒಂಬತ್ತು. ಹೀಗೇ ಹನ್ನೆರಡು ದಾಟಿಸಿ ನಾಲ್ಕಕ್ಕೆ ತಂದು ನಿಲ್ಲಿಸಿ.

ರೀಡಿಂಗ್ ಸದಸ್ಯರು: ಸರಿಹೋಯಿತು! ಈಗ ಹೊಸ ಕಷ್ಟ. ರಾತ್ರಿ ಹನ್ನೆರಡಕ್ಕೆ ಅದು ಹೊಡೆಯುವ ಸದ್ದಿಗೆ ಮಗು ಎದ್ದು ಕೂರುತ್ತದೆ.

ಉತ್ತರ: ದಿನಕ್ಕೆ 156 ಏಟು, ಮಗುವಿನದೇನೂ ತಪ್ಪಿಲ್ಲ. ಹೊಡೆಯುವ ಸುತ್ತಿಗೆಯ ತಲೆಗೆ ಮೆತ್ತನೆಯ ಚರ್ಮದ ಚೂರೊಂದನ್ನು ದಾರದಲ್ಲಿ ಕಟ್ಟಿ. ಅಂಟು ಮಾತ್ರ ಬೇಡ.