ಕೊನೇ ಮ್ಯಾಚ್ ಸೋತವರು ಚಾಂಪಿಯನ್ ಹೇಗಾಗ್ತಾರೆ? 1950ರ ಓಕ್ಲಹೋಮಾ ಕತೆ ಯಾರಿಗಾದ್ರೂ ಗೊತ್ತಾ?

ಮೂಡಿಗೆರೆ_ಮಳೆ:
ಮೂಡಿಗೆರೆ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಹೋದ ವಾರದಿಂದ ಒಬ್ಬ ಅಮೆರಿಕದ ಅಜ್ಜ, ಅವರ ಮೊಮ್ಮಗಳು ಬಂದು ಉಳಿದಿದ್ದಾರೆ. ಅಜ್ಜನಿಗೆ ಎಂಬತ್ತು ದಾಟಿದೆ. ತಲೆ ಮೇಲೆ ಯಾವಾಗ್ಲೂ ಒಂದು ಕೆಂಪು ಟೋಪಿ, ಅದರ ಮೇಲೆ 1950 ಅಂತ ಹೊಲಿದಿದೆ. ಅವರ ಅಣ್ಣ ಓದಿದ್ದು ಓಕ್ಲಹೋಮಾ ಯೂನಿವರ್ಸಿಟಿಯಲ್ಲಂತೆ. ಆ ವರ್ಷ ಅವರ ಫುಟ್‌ಬಾಲ್ ಟೀಮು ಇಡೀ ದೇಶಕ್ಕೇ ಚಾಂಪಿಯನ್ ಅಂತೆ.

ನಿನ್ನೆ ಸಂಜೆ ಮಳೆಗೆ ಕರೆಂಟ್ ಹೋಯ್ತು. ಅಜ್ಜ ಮೇಣದಬತ್ತಿ ಬೆಳಕಲ್ಲಿ ಊಟದ ಮೇಜಿನ ಮೇಲೆ ಒಂದು ಕಡೆ 11 ಕಾಫಿ ಬೀಜ, ಇನ್ನೊಂದು ಕಡೆ 11 ಮೆಣಸಿನ ಕಾಳು ಜೋಡಿಸಿದರು. ಅಮ್ಮನ ಎಲೆಅಡಿಕೆ ತಟ್ಟೆಯಿಂದ ಒಂದು ಅಡಿಕೆ ಎತ್ತಿಕೊಂಡು ಅದೇ ಚೆಂಡು ಅಂದರು. ಒಂದು ಗಂಟೆ ಆಟ ಹೇಳಿಕೊಟ್ಟರು. ಎಲ್ಲಾ ಮುಗಿದ ಮೇಲೆ ಮೆಲ್ಲಗೆ, ಕೊನೇ ಮ್ಯಾಚಲ್ಲಿ ಕೆಂಟಕಿಯವರು 13-7ರಲ್ಲಿ ನಮ್ಮನ್ನ ಸೋಲಿಸಿದರು, ಅವತ್ತು ರೇಡಿಯೋ ಮುಂದೆ ಕೂತು ಅತ್ತಿದ್ದೆ ಅಂದರು.

ಸೋತ್ರು ಅಂದಮೇಲೆ ಚಾಂಪಿಯನ್ ಹೇಗೆ? ಅವರನ್ನೇ ಕೇಳೋಕೆ ಸಂಕೋಚ. ಇನ್ನೊಂದು, 13-7 ಅಂದ್ರೆ ಹದಿಮೂರು ಗೋಲಾ?

ಹಾಸನದ_ಹುಡ್ಗ:
ಫೈನಲ್ ಸೋತು ಕಪ್ ಎತ್ತೋದು ನಮ್ಮ ಏರಿಯಾ ಟೂರ್ನಮೆಂಟಲ್ಲಿ ಮಾತ್ರ ಅಂದ್ಕೊಂಡಿದ್ದೆ, ಅದೂ ಸ್ಪಾನ್ಸರ್ ಮಗ ಟೀಮಲ್ಲಿದ್ರೆ 😄

ನಿವೃತ್ತ_ಪಿಟಿ_ಮೇಷ್ಟ್ರು:
ಅಜ್ಜ ಸುಳ್ಳು ಹೇಳಿಲ್ಲಪ್ಪ. ಮೊದಲು ಗೋಲಿನ ವಿಷಯ. ಇದು ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನ ಕಂಕುಳಲ್ಲಿ ಅವುಚಿಕೊಂಡು ಓಡೋ ಆಟ. ಎದುರಾಳಿಯ ಕೊನೇ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಪಾಯಿಂಟ್. ಆಮೇಲೆ ಒಂದು ಸಲ ಒದ್ದು ಕಂಬದ ನಡುವೆ ಹಾರಿಸಿದರೆ ಇನ್ನೊಂದು. ಕೆಂಟಕಿ ಎರಡು ಟಚ್‌ಡೌನ್ ಮಾಡಿ ಒಂದೇ ಒದೆತ ಸರಿ ಒದ್ದಿತು, 13. ಓಕ್ಲಹೋಮಾದ್ದು ಒಂದು ಟಚ್‌ಡೌನ್, ಒಂದು ಒದೆತ, 7. ಅಷ್ಟೇ.

ಇನ್ನು ಚಾಂಪಿಯನ್ ವಿಷಯ. ಆಗ ಫೈನಲ್ ಅಂತಲೇ ಇರಲಿಲ್ಲ. ನೂರಕ್ಕಿಂತ ಜಾಸ್ತಿ ಕಾಲೇಜು, ಒಂದೊಂದು ಸೀಸನ್ನಿಗೆ ಆಡೋದು ಹತ್ತು ಹನ್ನೊಂದು ಮ್ಯಾಚು. ಎಲ್ಲರೂ ಎಲ್ಲರ ಜೊತೆ ಆಡೋಕೆ ಸಾಧ್ಯವೇ ಇಲ್ಲ. ಹಾಗಾಗಿ ವೋಟು. ಅಸೋಸಿಯೇಟೆಡ್ ಪ್ರೆಸ್ ಅನ್ನೋ ಸುದ್ದಿಸಂಸ್ಥೆ 1936ರಿಂದ ಪತ್ರಕರ್ತರ ವೋಟು ತಗೊಳ್ತಿತ್ತು. 1950ರಲ್ಲಿ ಇನ್ನೊಂದು ಸುದ್ದಿಸಂಸ್ಥೆ ಯುನೈಟೆಡ್ ಪ್ರೆಸ್ ಕೋಚ್‌ಗಳನ್ನ ಕೇಳೋಕೆ ಶುರು ಮಾಡಿತು. ಎರಡರಲ್ಲೂ ಆ ವರ್ಷ ಓಕ್ಲಹೋಮಾನೇ ಮೊದಲು, ಆಡಿದ ಹತ್ತಕ್ಕೆ ಹತ್ತೂ ಗೆದ್ದಿತ್ತು.

ತಮಾಷೆ ಇರೋದೇ ಇಲ್ಲಿ. ಹೊಸ ವರ್ಷದ ದಿನ ಬೌಲ್ ಮ್ಯಾಚು ಅಂತ ಆಡ್ತಾರೆ, ಚೆನ್ನಾಗಿ ಆಡಿದ ಟೀಮುಗಳನ್ನ ಕರೆದು. ವೋಟು ಅದಕ್ಕಿಂತ ಮೊದಲೇ ಮುಗಿದುಹೋಗ್ತಿತ್ತು! ತೋಟದ ರೈಟರು ಕುಯ್ಲು ಮುಗಿಯೋ ಮೊದಲೇ ಲೆಕ್ಕದ ಪುಸ್ತಕ ಮುಚ್ಚಿದ ಹಾಗೆ. 1951ರ ಜನವರಿ 1ಕ್ಕೆ ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್‌ಗೆ ಬಡ್ ವಿಲ್ಕಿನ್‌ಸನ್ ಅವರ ಓಕ್ಲಹೋಮಾ ಇಳಿದಾಗ ಸತತ 31 ಮ್ಯಾಚ್ ಗೆದ್ದಿತ್ತು. ಆ ಕಡೆ ಕೆಂಟಕಿಗೆ ಬೇರ್ ಬ್ರಯಂಟ್ ಕೋಚು. ಸೋತರು, ಆದ್ರೆ ಮತ್ತೆ ವೋಟು ಕೇಳೋರೇ ಇಲ್ಲ. ಪಟ್ಟ ಅಲ್ಲೇ ಉಳಿಯಿತು. ಮುಂದಿನ ವರ್ಷ ಟೆನಿಸ್ಸಿ ಯೂನಿವರ್ಸಿಟಿ ಟೀಮಿಗೂ ಇದೇ ಕತೆ, ಚಾಂಪಿಯನ್ ಆಗಿ ಶುಗರ್ ಬೌಲಲ್ಲಿ ಮೇರಿಲ್ಯಾಂಡ್ ಕೈಲಿ 28-13ಕ್ಕೆ ಸೋತರು. ಪತ್ರಕರ್ತರ ವೋಟು ಬೌಲ್ ಮುಗಿದ ಮೇಲೆ ಅಂತ ಕಾಯಂ ಆಗಿದ್ದು 1968ರಿಂದ, ಕೋಚ್‌ಗಳದ್ದು 1974ರಿಂದ.

ನನ್ನ ಮಗ ಡಲ್ಲಾಸ್‌ನಲ್ಲಿದ್ದಾನೆ. ಒಂದು ಸಲ ಟೆಕ್ಸಸ್-ಓಕ್ಲಹೋಮಾ ಮ್ಯಾಚಿಗೆ ಕರಕೊಂಡು ಹೋಗಿದ್ದ. ಸ್ಟೇಡಿಯಮ್ಮಿನ ಅರ್ಧ ಕೆಂಪು, ಅರ್ಧ ಕಿತ್ತಳೆ, ಸರಿಯಾಗಿ ನಡುಗೆರೆಗೆ ಚಾಕುವಲ್ಲಿ ಕೊಯ್ದ ಹಾಗೆ. 1950ರಲ್ಲಿ ಇದೇ ಮ್ಯಾಚನ್ನ ಓಕ್ಲಹೋಮಾ 14-13ಕ್ಕೆ, ಬರೀ ಒಂದು ಪಾಯಿಂಟಲ್ಲಿ ಗೆದ್ದಿದ್ದು. ಅದು ಸೋತಿದ್ರೆ ಅಜ್ಜನ ಟೋಪಿ ಇರ್ತಿರಲಿಲ್ಲ.

ಬೇಲೂರು_ಬಸ್‌ಸ್ಟ್ಯಾಂಡ್:
ಹಾಗಾದ್ರೆ ನಿಜವಾದ ಚಾಂಪಿಯನ್ ಕೆಂಟಕಿ ತಾನೇ ಮೇಷ್ಟ್ರೇ? ಸಿಂಪಲ್.

ನಿವೃತ್ತ_ಪಿಟಿ_ಮೇಷ್ಟ್ರು:
ಅಷ್ಟು ಸುಲಭ ಇಲ್ಲ ಮಾರಾಯ. ಕೆಂಟಕಿಯನ್ನ ಅದೇ ಸೀಸನ್‌ನಲ್ಲಿ ಟೆನಿಸ್ಸಿ 7-0ಗೆ ಸೋಲಿಸಿತ್ತು. ಟೆನಿಸ್ಸಿಯನ್ನ ಮಿಸಿಸಿಪಿ ಸ್ಟೇಟ್ 7-0ಗೆ ಸೋಲಿಸಿತ್ತು. ಹಿಡಿದುಕೊಂಡು ಹೋದರೆ ಕೊನೆಗೆ ಯಾವುದೋ ಹಳ್ಳಿ ಕಾಲೇಜಿನ ಬಾಗಿಲಿಗೆ ಹೋಗಿ ನಿಲ್ತೀಯ. ಟೆನಿಸ್ಸಿಯವರು ಇವತ್ತಿಗೂ 1950 ನಮ್ದೇ ಅಂತಾರೆ, ಪ್ರಿನ್ಸ್‌ಟನ್‌ನವರೂ ಅಂತಾರೆ.

ಕಾಫಿ_ಹೂ:
ವೋಟಿನ ವಿಷಯ ಬಂತಲ್ಲ, ನನಗೆ ಇದಕ್ಕಿಂತ ಹೊಟ್ಟೆ ಉರಿಯೋದು 1951ರ ಸ್ಯಾನ್ ಫ್ರಾನ್ಸಿಸ್ಕೋ ಯೂನಿವರ್ಸಿಟಿ ಟೀಮಿನ ಕತೆ. ಒಂಬತ್ತಕ್ಕೆ ಒಂಬತ್ತೂ ಗೆದ್ದರು, ಒಂದು ಬೌಲಿಗೂ ಕರೆಯಲಿಲ್ಲ. ಯಾಕಂದ್ರೆ ಟೀಮಲ್ಲಿ ಇಬ್ಬರು ಕಪ್ಪು ಹುಡುಗರು, ಓಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್. ಅವರಿಬ್ಬರನ್ನ ಬಿಟ್ಟು ಬರೋದಾದ್ರೆ ನೋಡೋಣ ಅನ್ನೋ ಮಾತು ಬಂತು. ಉಳಿದ ಹುಡುಗರು ಆಗಲ್ಲ ಅಂದರು. ಬೌಲಿನ ದುಡ್ಡೂ ಇಲ್ಲ, ಖರ್ಚು ತೂಗಿಸೋಕಾಗದೆ ಆ ಸೀಸನ್ ಆದ ಮೇಲೆ ಕಾಲೇಜು ಟೀಮನ್ನೇ ಮುಚ್ಚಿತು. ಮ್ಯಾಟ್ಸನ್ ಮುಂದಿನ ವರ್ಷ ಹೆಲ್ಸಿಂಕಿ ಒಲಿಂಪಿಕ್ಸಲ್ಲಿ 400 ಮೀಟರ್ ಓಡಿ ಕಂಚು ತಂದ. ನಮ್ಮ ಕೆ.ಡಿ. ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದಿದ್ದು ಅದೇ ಒಲಿಂಪಿಕ್ಸಲ್ಲಿ. ಟೋಲರ್ 1965ರಲ್ಲಿ ಅಲ್ಲಿನ ಪ್ರೊಫೆಷನಲ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಮೊದಲ ಕಪ್ಪು ಅಂಪೈರುಗಿಂಪೈರು ಏನಂತೀರೋ ಅದಾದರು. ಇವರಿಗೆ ಯಾರು ಟೋಪಿ ಹೊಲಿದು ಕೊಟ್ಟರು?

ಹಾಸನದ_ಹುಡ್ಗ:
ಇದು ಗೊತ್ತೇ ಇರಲಿಲ್ಲ. ಮೇಲೆ ಹಾಕಿದ ಜೋಕು ವಾಪಸ್ ತಗೊಂಡೆ.

ಮೂಡಿಗೆರೆ_ಮಳೆ:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ಕಾಫಿ ಕೊಡುವಾಗ ಧೈರ್ಯ ಮಾಡಿ, ವೋಟು ಮೊದಲೇ ಆಗಿತ್ತಂತಲ್ಲ ಅಂದೆ. ಅಜ್ಜ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಮೂಡಿಗೆರೆಯಲ್ಲಿ ಕೂತವನಿಗೆ ಇದು ಹೇಗೆ ಗೊತ್ತಾಯ್ತು ಅಂತ ಆಶ್ಚರ್ಯ ಇರಬೇಕು. ಮೊಮ್ಮಗಳು ಮಾತ್ರ ಬಿದ್ದು ಬಿದ್ದು ನಕ್ಕಳು, ಮನೆಯಲ್ಲಿ ಕೆಂಟಕಿ ಹೆಸರು ಎತ್ತಿದರೆ ಈಗಲೂ ಎದ್ದು ಹೋಗ್ತಾರಂತೆ. ಕಾಫಿ_ಹೂ ಹೇಳಿದ್ದನ್ನೂ ಕೇಳಿದೆ. ಮ್ಯಾಟ್ಸನ್ ಹೆಸರು ಕೇಳಿದ್ದೇ ತಲೆಯಾಡಿಸಿದರು, ಟೋಪಿ ತೆಗೆದು ಮೇಜಿನ ಮೇಲಿಟ್ಟರು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಮಧ್ಯಾಹ್ನ ಹೊರಟರು. ಹೋಗುವಾಗ ಆ 11 ಕಾಫಿ ಬೀಜ ಎಣಿಸಿ ಜೇಬಿಗೆ ಹಾಕಿಕೊಂಡರು. ಮೆಣಸು ಅಂದ್ರೆ ಕೆಂಟಕಿ, ಅದನ್ನ ಅಲ್ಲೇ ಬಿಟ್ಟರು. ಅಮ್ಮ ಅದನ್ನ ಕುಟ್ಟಿ ಸಾರಿಗೆ ಹಾಕಿದ್ದಾರೆ.