ಹಿಪ್ಪೋ ನೋಡೋಕೆ ಕಾರೋ, ಬೋಟೋ, ಕುದುರೆನೋ?

ಡಿಸೆಂಬರ್ ರಜಕ್ಕೆ ಇಸಿಮಂಗಾಲಿಸೊಗೆ ಹೋಗೋದು ಅನ್ನೋದ್ರಲ್ಲಿ ಜೋಹಾನ್ಸ್‌ಬರ್ಗ್‌ನ ನಮ್ಮ ಗುಂಪಲ್ಲಿ ಯಾರಿಗೂ ತಕರಾರಿರ್ಲಿಲ್ಲ. ತಕರಾರು ಎದ್ದಿದ್ದು ಅಲ್ಲಿಗೆ ಹೋಗಿ ಹೆಂಗೆ ನೋಡೋದು ಅಂತ. ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ, ಇದು ದಕ್ಷಿಣ ಆಫ್ರಿಕಾದ ಕ್ವಾಝುಲು-ನಟಾಲ್ ಪ್ರಾಂತ್ಯದಲ್ಲಿ, ಮೊಜಾಂಬಿಕ್ ಗಡಿ ತನಕ ಸುಮಾರು 220 ಕಿಲೋಮೀಟರ್ ಸಮುದ್ರದಂಡೆ ಇರೋ ಪಾರ್ಕು, 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು, ಹಳೇ ಹೆಸರು ಗ್ರೇಟರ್ ಸೇಂಟ್ ಲೂಸಿಯಾ, ಈಗಿನ ಹೆಸರಿಟ್ಟಿದ್ದು 2007ರಲ್ಲಿ. ಸರೋವರ, ಜೌಗು, ಕಾಡು, ಮರಳುಗುಡ್ಡ, ಹವಳದ ದಿಬ್ಬ ಎಲ್ಲಾ ಒಂದೇ ಬೇಲಿಯೊಳಗೆ. ಅದಕ್ಕೇ ಒಬ್ಬೊಬ್ಬರದ್ದು ಒಂದೊಂದು ರಾಗ.

ವೆಂಕಿ ಹೊಸದಾಗಿ ಫೋರ್ ಬೈ ಫೋರ್ ತಗೊಂಡಿದ್ದಾನೆ, ಇಎಂಐ ಕಟ್ತಾ ಇದಾನೆ, ಇದುವರೆಗೂ ಅದು ಮಾಲ್‌ನ ಪಾರ್ಕಿಂಗ್ ಇಳಿಜಾರು ಬಿಟ್ಟು ಬೇರೆ ಆಫ್‌ರೋಡ್ ಕಂಡಿಲ್ಲ. ಅವನು ಶುರು ಹಚ್ಕೊಂಡ, "ನೋಡ್ರೋ, ಟೈರ್ ಗಾಳಿ ಸ್ವಲ್ಪ ಇಳಿಸೋದು, ಬೀಚ್ ಮೇಲೆ ಇಳಿಸಿದ್ರೆ ಎಡಕ್ಕೆ ಕಾಡು ಬಲಕ್ಕೆ ಸಮುದ್ರ, ಸೀದಾ ಪಾರ್ಕಿನ ಉತ್ತರದ ತುದಿ ಕೋಸಿ ಬೇ."

ಸುಮಕ್ಕ ಡರ್ಬನ್‌ನಲ್ಲಿ ಬಹಳ ವರ್ಷ ಇದ್ದೋರು, ಈ ಕಡೆ ಊರೆಲ್ಲಾ ಬಾಯಿಪಾಠ. ಚಕ್ಕುಲಿ ಮುರೀತಾ ತಲೆ ಎತ್ತದೇ ಹೇಳಿದ್ರು, "ಬೀಚ್ ಮೇಲೆ ಗಾಡಿ ಓಡಿಸೋದು ಈ ದೇಶದಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆನೇ ಬ್ಯಾನ್ ಆಗಿದೆ ಕಣೋ. ಟೈರ್ ಗುರುತಲ್ಲಿ ಆಮೆ ಮರಿ ಸಿಕ್ಕಾಕ್ಕೊಂಡ್ರೆ ಸಮುದ್ರ ಸೇರೋಕಾಗಲ್ಲ."

ವೆಂಕಿ ಮುಖ ನೋಡ್ಬೇಕಿತ್ತು. "ಮತ್ತೆ ನಾನ್ಯಾಕೆ ಇದನ್ನ ತಗೊಂಡೆ?" ಅಂದ. "ಅದನ್ನ ನಾವೂ ಕೇಳ್ತಾನೇ ಇದೀವಿ" ಅಂದ ಶೀನ.

ಪಾಪ, ಕಾರಿಗೆ ಕೆಲಸ ಇಲ್ಲ ಅಂತೇನಿಲ್ಲ. ಸೇಂಟ್ ಲೂಸಿಯಾ ಊರು ದಾಟ್ತಿದ್ದಂಗೆ ಭಂಗಾಝಿ ಗೇಟು, ಅಲ್ಲಿಂದ ಕೇಪ್ ವಿಡಾಲ್ ತನಕ ಮೂವತ್ತು ಚಿಲ್ಲರೆ ಕಿಲೋಮೀಟರ್ ಟಾರ್ ರೋಡು, ಮಾಮೂಲಿ ಕಾರೇ ಸಾಕು. ಮಧ್ಯೆ ಅಡ್ಡದಾರಿಗಳಲ್ಲಿ ಸುತ್ತಾಡಿದ್ರೆ ಜೀಬ್ರಾ, ಕುಡು ಅನ್ನೋ ದೊಡ್ಡ ಜಿಂಕೆ, ಕಾಡೆಮ್ಮೆ, ಅದೃಷ್ಟ ಇದ್ರೆ ಘೇಂಡಾ. ಈ ಭಾಗದಲ್ಲಿ ಸಿಂಹ ಇಲ್ಲ, ಅದು ಬೇಕಂದ್ರೆ ಒಳನಾಡಿನ ಉಮ್ಖುಝೆ ಕಡೆ ಹೋಗ್ಬೇಕು, ಅಲ್ಲಿ 2013ರಲ್ಲಿ ತಂದು ಬಿಟ್ಟಿದಾರೆ. ಸಿಂಹ ಇಲ್ಲ ಅಂದಿದ್ದಕ್ಕೆ ವೆಂಕಿ ಮತ್ತೆ ಕುಗ್ಗಿದ, ನಾಗರಾಜ ಮಾತ್ರ ಕುರ್ಚೀಲಿ ಸ್ವಲ್ಪ ಆರಾಮಾಗಿ ಒರಗಿ ಕೂತ.

ನನಗೆ ಆ ದಾರೀಲಿ ಪ್ರಾಣಿಗಿಂತ ಮರಳುಗುಡ್ಡಗಳ ಮೇಲೇ ಕಣ್ಣು. ಕೆಲವು 180 ಮೀಟರ್ ಎತ್ತರ, ಮೇಲೆ ದಟ್ಟ ಕಾಡು, ಒಳಗಡೆ ಟೈಟಾನಿಯಂ ಅದಿರು. 1980ರ ದಶಕದ ಕೊನೇಲಿ ಇದನ್ನ ಅಗೆಯೋಕೆ ಗಣಿಯವರು ಅರ್ಜಿ ಹಾಕಿದ್ರು, ದೇಶಾನೇ ಎದ್ದು ಕೂತು ಸಹಿ ಸಂಗ್ರಹ ಮಾಡಿ ಗಲಾಟೆ ಮಾಡ್ತು, ಕೊನೆಗೆ 1996ರಲ್ಲಿ ಸರ್ಕಾರ ಗಣಿ ಬೇಡ, ಟೂರಿಸಂ ಸಾಕು ಅಂತ ತೀರ್ಮಾನ ಮಾಡ್ತು. ಇದನ್ನ ನಾನು ಸ್ವಲ್ಪ ಭಾವುಕನಾಗಿ ಹೇಳ್ತಿದ್ರೆ ಶೀನ, "ಅಂದ್ರೆ ನಾವು ಹೋಗಿ ದುಡ್ಡು ಖರ್ಚು ಮಾಡೋದು ಪರಿಸರ ಸೇವೆ, ನನ್ನ ಹೆಂಡ್ತಿಗೆ ಇದೇ ಮಾತಲ್ಲಿ ಒಂದು ವಾಯ್ಸ್ ನೋಟ್ ಕಳ್ಸು ಗುರು" ಅಂದ.

ನಾಗರಾಜಂದು ಬೇರೆ ಲೋಕ. ಅದೇ ಪಾರ್ಕಿನ ಸೋಡ್ವಾನಾ ಬೇನಲ್ಲಿ ಸ್ಕೂಬಾ ಡೈವಿಂಗ್ ಮಾಡ್ಬೇಕಂತೆ. ಅಲ್ಲಿ ಹವಳದ ದಿಬ್ಬಗಳಿಗೆ ದೂರದ ಲೆಕ್ಕದಲ್ಲೇ ಹೆಸರು, ಟೂ ಮೈಲ್, ಫೈವ್ ಮೈಲ್, ಸೆವೆನ್ ಮೈಲ್, ನೈನ್ ಮೈಲ್, ಹೆಸರಿಟ್ಟೋರು ಯಾರೋ ಕೆಎಸ್‌ಆರ್‌ಟಿಸಿ ಸ್ಟೇಜ್ ಬರೆಯೋರೇ ಇರ್ಬೇಕು. 2000ನೇ ಇಸವೀಲಿ ಅಲ್ಲಿನ ಜೆಸ್ಸರ್ ಕಣಿವೇಲಿ, ನೂರು ಮೀಟರ್‌ಗೂ ಆಳದಲ್ಲಿ, ಡೈವರ್‌ಗಳಿಗೆ ಸೀಲಕ್ಯಾಂತ್ ಮೀನು ಕಣ್ಣಿಗೆ ಬಿತ್ತು. ಆರೂವರೆ ಕೋಟಿ ವರ್ಷದ ಹಿಂದೆ ಡೈನೋಸಾರ್ ಜೊತೆ ನಿರ್ನಾಮ ಆಯ್ತು ಅಂತ ವಿಜ್ಞಾನಿಗಳು ಶ್ರದ್ಧಾಂಜಲಿ ಮುಗಿಸಿದ್ದ ಜಾತಿ ಅದು, 1938ರಲ್ಲಿ ಇದೇ ದೇಶದ ಈಸ್ಟ್ ಲಂಡನ್ ಹತ್ರ ಬಲೆಗೆ ಬಿದ್ದು ಎಲ್ಲರ ಬಾಯಿ ಮುಚ್ಚಿಸಿತ್ತು.

"ನಾನೂ ಅದನ್ನ ನೋಡ್ಬೇಕು" ಅಂದ ನಾಗರಾಜ.

"ನಿಂಗೆ ಈಜು ಬರುತ್ತೇನೋ?"

"ಬರಲ್ಲ. ಆದ್ರೆ ಕೆಳಗೆ ಹೋಗೋಕೆ ಈಜು ಯಾಕೆ?"

ಈ ತರ್ಕಕ್ಕೆ ಯಾರತ್ರಾನೂ ಉತ್ತರ ಇರ್ಲಿಲ್ಲ. ಸುಮಕ್ಕನೇ ಸಮಾಧಾನ ಮಾಡಿದ್ರು, ಸೇಂಟ್ ಲೂಸಿಯಾ ಇಂದ ಸೋಡ್ವಾನಾಕ್ಕೆ ಪಾರ್ಕ್ ಒಳಗೊಳಗೇ ರೋಡಿಲ್ಲ, ಆಚೆ ಬಂದು ಎನ್-ಟೂ ಹೈವೇ ಹಿಡಿದು ಸುತ್ಕೊಂಡು ಹೋಗ್ಬೇಕು, ಅರ್ಧ ದಿನ ಹಾಳು, ಅದರ ಬದಲು ಕೇಪ್ ವಿಡಾಲ್‌ನಲ್ಲಿ ಸಮುದ್ರ ಇಳಿತ ಇದ್ದಾಗ ಬಂಡೆಗಳ ಒಳಗಡೆ ಸೊಂಟದ ನೀರಲ್ಲಿ ನಿಂತು ಸ್ನಾರ್ಕೆಲ್ ಅನ್ನೋ ಉಸಿರಾಡೋ ಕೊಳವೆ ಹಾಕ್ಕೊಂಡು ಬಗ್ಗಿ ನೋಡಿದ್ರೆ ಬಣ್ಣಬಣ್ಣದ ಮೀನು ಸಿಗುತ್ತೆ ಅಂತ. "ಬಗ್ಗಿದಾಗ ಹಿಂದೆ ಬ್ಯಾಗ್ ಕಡೆ ಒಬ್ರು ಕಾವಲು ಇರ್ಲಿ, ಅಲ್ಲಿನ ಕೋತಿಗಳು ಝಿಪ್ ತೆಗೆಯೋದ್ರಲ್ಲಿ ಪಿಎಚ್‌ಡಿ ಮಾಡಿವೆ" ಅಂತಾನೂ ಸೇರಿಸಿದ್ರು.

ಬೋಟ್ ವಿಷಯ ಬಂದಾಗ ಮಾತ್ರ ಎಲ್ಲಾ ಸುಮ್ನಾಗಿ ಕೇಳಿಸ್ಕೊಂಡ್ರು. ಸೇಂಟ್ ಲೂಸಿಯಾ ಊರಿಗೆ ಹೋಗೋ ಸೇತುವೆ ಹತ್ರ ಹತ್ತಿದ್ರೆ ಎರಡು ಗಂಟೆ ಅಳಿವೆಯಲ್ಲಿ ಸುತ್ತಿಸ್ತಾರೆ, ಹಿಪ್ಪೋಗಳು ಗುಂಪು ಗುಂಪಾಗಿ ಬರೀ ಕಿವಿ ಕಣ್ಣು ಮೂಗಿನ ಹೊಳ್ಳೆ ಅಷ್ಟೇ ತೋರಿಸ್ಕೊಂಡು ಬಿದ್ದಿರ್ತವೆ, ದಡದಲ್ಲಿ ಮೊಸಳೆ, ಮರದ ತುದೀಲಿ ಫಿಶ್ ಈಗಲ್. ಇಲ್ಲಿ ಸುಮಾರು 800 ಹಿಪ್ಪೋ ಇದಾವೆ. ಅಷ್ಟು ದಪ್ಪ ಪ್ರಾಣಿಗೆ ನಮ್ಮ ನಾಗರಾಜನ ತರಾನೇ ಈಜು ಬರಲ್ಲ, ತಳದಲ್ಲಿ ಕಾಲೂರಿ ನಡ್ಕೊಂಡು, ಕುಪ್ಪಳಿಸ್ಕೊಂಡು ಹೋಗುತ್ತೆ. ಇದು ಕೇಳಿ ನಾಗರಾಜ "ನೋಡಿದ್ರಾ, ನಾನು ಹೇಳಿದ್ದು ಅದೇ" ಅಂತ ಎದೆ ಸೆಟೆಸಿದ.

ಆ ನೀರಿಗೂ ಒಂದು ಕಥೆ ಇದೆ. ಸರೋವರ ಸಮುದ್ರ ಸೇರೋ ಬಾಯಿ ಮರಳಿಂದ ಮುಚ್ಕೊಳ್ಳುತ್ತೆ, ತೆರ್ಕೊಳ್ಳುತ್ತೆ. ಪಕ್ಕದಲ್ಲೇ ಬಂದು ಸೇರ್ತಿದ್ದ ಉಮ್‌ಫೊಲೋಝಿ ನದಿ ಕಬ್ಬಿನ ಗದ್ದೆಗಳ ಹೂಳು ತರುತ್ತೆ ಅಂತ 1950ರ ದಶಕದಲ್ಲಿ ಅದನ್ನ ಬೇರೆ ಕಡೆ ತಿರುಗಿಸಿದ್ರು. ಹೂಳು ನಿಲ್ಸೋಕೆ ಹೋಗಿ ಸಿಹಿನೀರೇ ನಿಂತೋಯ್ತು. ಆಮೇಲೆ ಬರ ಬಂದಾಗ ಸರೋವರದ ಬಹುಪಾಲು ಒಣಗಿ ನೆಲ ಬಿರುಕು ಬಿಡ್ತು, ನದೀನ ವಾಪಸ್ ಜೋಡಿಸೋ ಕೆಲಸ ಶುರುವಾಯ್ತು, 2021ರ ಜನವರೀಲಿ ಮೆಷಿನ್ ತಂದು ಬಾಯಿ ಅಗೆದು ಬಿಡಿಸಿದ್ರು, ಅದು ಸರಿನಾ ತಪ್ಪಾ ಅಂತ ತಜ್ಞರ ಜಗಳ ಇನ್ನೊಂದು ಕಡೆ. ನಮ್ಮ ಪೈಕಿ ಎಲ್ಲರಿಗೂ ಅರ್ಥ ಆಗಿದ್ದು ಇಷ್ಟೇ, ಈ ಪಾರ್ಕ್‌ನಲ್ಲಿ ಏನು ಕಾಣುತ್ತೆ ಅನ್ನೋದನ್ನ ಟಿಕೆಟ್‌ಗಿಂತ ನೀರೇ ತೀರ್ಮಾನ ಮಾಡೋದು. ಅದಕ್ಕೇ ಮೊದಲ ದಿನ ಬೋಟೇ ಹತ್ತಬೇಕು ಅನ್ನೋದು ನನ್ನ ವಾದ, ಒಂದು ಸಲ ನೀರಿನ ಮೇಲಿಂದ ನೋಡಿಬಿಟ್ರೆ ಆಮೇಲೆ ಯಾವ ಗೇಟಿಗೆ ಹೋದ್ರೂ ಎಲ್ಲಿದೀವಿ ಅಂತ ತಲೆಗೆ ಹತ್ತುತ್ತೆ.

"ಅದೇ ನೀರಲ್ಲಿ ನಾವೇ ಹುಟ್ಟು ಹಾಕೋ ಪುಟ್ಟ ದೋಣಿ, ಕಯಾಕ್ ಕೂಡ ಇದ್ಯಂತೆ" ಅಂದ ವೆಂಕಿ, ಗೈಡ್ ಜೊತೆ, ಹಿಪ್ಪೋಗಳಿಂದ ದೂರದಲ್ಲಿ. ಸುಮಕ್ಕ ಏನೂ ಹೇಳದೇ ಮೊಬೈಲಲ್ಲಿ ಅಲ್ಲಿನ ಬೋರ್ಡ್‌ನ ಫೋಟೋ ತೋರಿಸಿದ್ರು, ಒಂದೇ ಬೋರ್ಡಲ್ಲಿ ಮೂರು ಎಚ್ಚರಿಕೆ, ಹಿಪ್ಪೋ, ಮೊಸಳೆ, ಶಾರ್ಕ್. ಅಳಿವೆ ಅಲ್ವಾ, ಮೂರೂ ಬರ್ತವೆ. ವೆಂಕಿ ಎಕ್ಸೆಲ್ ಶೀಟಲ್ಲಿ ಕಯಾಕ್ ಅನ್ನೋ ಸಾಲನ್ನ ಸದ್ದಿಲ್ಲದೇ ಡಿಲೀಟ್ ಮಾಡಿದ.

ಕುದುರೆ ಸವಾರಿ ಐಡಿಯಾ ನಂದೇ. ಕುದುರೆ ಮೇಲೆ ಕೂತ್ರೆ ಜೀಬ್ರಾ ಜಿಂಕೆಗಳು ಅಷ್ಟು ಬೆದರಲ್ಲ, ಕಾರ್ ಸದ್ದೂ ಇಲ್ಲ. ಚೆನ್ನಾಗೇ ಇತ್ತು, ಸವಾರರ ತೂಕಕ್ಕೆ ಮಿತಿ ಇಟ್ಟಿರ್ತಾರೆ ಅನ್ನೋ ತನಕ. ಎಲ್ಲರೂ ಶೀನನ ಕಡೆ ತಿರುಗಿದ್ರು. "ನನ್ನನ್ಯಾಕೆ ನೋಡ್ತೀರಾ, ಕುದುರೆಗೂ ಮರ್ಯಾದೆ ಇದೆ, ನಾನು ಹತ್ತಲ್ಲ" ಅಂದ. ಅಲ್ಲಿಂದ ಅವನ ಭಾಷಣ ಶುರು. "ನೀವೆಲ್ಲಾ ಪೆದ್ದರು. ಹಿಪ್ಪೋ ರಾತ್ರಿ ನೀರಿಂದ ಎದ್ದು ಹುಲ್ಲು ಮೇಯೋಕೆ ಸೇಂಟ್ ಲೂಸಿಯಾ ಊರೊಳಗೇ ಬರುತ್ತೆ. ಮೆಕೆಂಝಿ ಸ್ಟ್ರೀಟ್ ಅನ್ನೋ ಮೇನ್ ರೋಡಲ್ಲೇ ಓಡಾಡುತ್ತೆ. ನಾನು ಬಾಲ್ಕನೀಲಿ ಕಾಲು ಚಾಚ್ಕೊಂಡು ಕೂತಿರ್ತೀನಿ, ಅದೇ ಬಂದು ದರ್ಶನ ಕೊಟ್ಟು ಹೋಗ್ಲಿ."

ಕಷ್ಟ ಏನಂದ್ರೆ ಅವನು ಹೇಳಿದ್ದು ನಿಜ. ಸುಮಕ್ಕನೂ ಹೌದು ಅಂದ್ರು, ಆದ್ರೆ ಕತ್ತಲಾದ ಮೇಲೆ ಊಟಕ್ಕೆ ನೂರು ಮೀಟರ್ ದೂರ ಇದ್ರೂ ಕಾರಲ್ಲೇ ಹೋಗ್ಬೇಕು, ಹಿಪ್ಪೋ ನಿಂತಾಗ ಸೋಮಾರಿ ತರ ಕಂಡ್ರೂ ಓಡಿದ್ರೆ ಗಂಟೆಗೆ 30 ಕಿಲೋಮೀಟರ್, ನೀರಿಗೂ ಅದಕ್ಕೂ ಮಧ್ಯೆ ಯಾರಾದ್ರೂ ನಿಂತ್ರೆ ಮುಗೀತು. "ಇನ್ನೊಂದು ವಿಷಯ, ಗಂಡು ಹಿಪ್ಪೋ ತನ್ನ ಜಾಗ ಅಂತ ಗುರುತು ಮಾಡೋಕೆ ಸಗಣಿ ಹಾಕ್ತಾ ಬಾಲಾನ ಫ್ಯಾನ್ ತರ ತಿರುಗಿಸಿ ಸುತ್ತ ಎರಚುತ್ತೆ." ವೆಂಕಿ ತಕ್ಷಣ ಲಾಡ್ಜ್‌ಗೆ ಮೆಸೇಜ್ ಹಾಕಿ ಶೆಡ್ ಇರೋ ಪಾರ್ಕಿಂಗ್ ಇದ್ಯಾ ಅಂತ ಕೇಳಿದ.

ತಿಮಿಂಗಿಲದ ಆಸೆ ಬೇಡ ಅಂತ ಆಯ್ತು, ಅದರ ಕಾಲ ಜೂನ್‌ನಿಂದ ನವೆಂಬರ್. ಡಿಸೆಂಬರ್‌ಗೆ ಆಮೆ. ಲಾಗರ್‌ಹೆಡ್ ಮತ್ತೆ ಲೆದರ್‌ಬ್ಯಾಕ್ ಎರಡೂ ರಾತ್ರಿ ಹೊತ್ತು ಮರಳಿಗೆ ಬಂದು ಗುಂಡಿ ತೋಡಿ ಮೊಟ್ಟೆ ಇಡ್ತವೆ, ಲೆದರ್‌ಬ್ಯಾಕ್ ಒಂದೊಂದು 500 ಕಿಲೋ ತೂಗೋವೂ ಇದಾವೆ, ಒಂದು ಸಲಕ್ಕೆ ನೂರರ ಹತ್ರ ಮೊಟ್ಟೆ. ಮರಳು ಜಾಸ್ತಿ ಬಿಸಿ ಇದ್ರೆ ಹೆಣ್ಣು ಮರಿ, ತಂಪಿದ್ರೆ ಗಂಡು. ಈ ದಂಡೇಲಿ 1963ರಿಂದಲೂ ಆಮೆಗಳ ಲೆಕ್ಕ ಇಡ್ತಾ ಬಂದಿದಾರೆ, ಅಷ್ಟು ಶಿಸ್ತಿನ ಕಡೆ ನಾವಾಗೇ ಟಾರ್ಚ್ ಹಿಡ್ಕೊಂಡು ನುಗ್ಗೋ ಹಾಗಿಲ್ಲ, ಪರ್ಮಿಟ್ ಇರೋ ಗೈಡ್ ಜೊತೇನೇ, ಅವರ ಗಾಡೀಲೇ, ಫ್ಲ್ಯಾಶ್ ಇಲ್ಲ, ಮಾತಿಲ್ಲ. ಬರುತ್ತೆ ಅನ್ನೋ ಗ್ಯಾರಂಟಿನೂ ಇಲ್ಲ, ಮಧ್ಯರಾತ್ರಿ ದಾಟಿ ಕಾಯ್ಬೇಕಾಗ್ಬಹುದು.

ಮಾತಾಡಬಾರ್ದು ಅಂದಿದ್ದಕ್ಕೆ ನಮ್ಮ ಗುಂಪಿಗೆ ಇದು ಸಾಧ್ಯನಾ ಅಂತ ಒಂದು ಚರ್ಚೆ ಆಯ್ತು, ಅದರಲ್ಲೇ ಎಲ್ಲರೂ ಒಟ್ಟಿಗೆ ಮಾತಾಡಿದ್ವಿ. ಕೊನೆಗೆ ಸುಮಕ್ಕ, "ಸೀಟು ಕಮ್ಮಿ ಇರುತ್ತೆ, ಇವತ್ತೇ ಹೇಳಿ, ಯಾರ್ಯಾರು ಬರ್ತೀರಾ?" ಅಂದ್ರು. ವೆಂಕಿ ಕೈ ಎತ್ತಿದ, ಗಾಡಿ ಬೇರೆಯವರದ್ದು ಅಂತ ಅವನಿಗೆ ಖುಷಿ. ನಾಗರಾಜ ಎತ್ತಿದ, ನಾನೂ ಎತ್ತಿದೆ. ಶೀನ ಬಹಳ ಹೊತ್ತು ಯೋಚನೆ ಮಾಡಿ ಅರ್ಧ ಕೈ ಎತ್ತಿದ.

"ನಂದೂ ಒಂದು ಸೀಟ್ ಹಾಕಿ ಸುಮಕ್ಕ, ಗಾಡೀಲೇ ಮಲಗಿರ್ತೀನಿ. ಆಮೆ ಬಂದ್ರೆ ಎಬ್ಬಿಸಿ, ಬರ್ಲಿಲ್ಲ ಅಂದ್ರೆ ದಯವಿಟ್ಟು ಎಬ್ಬಿಸ್ಬೇಡಿ."