ಡೇಟಾಬೇಸಿಗೆ ದಿನಾಂಕ ಉಳಿಸುವಾಗ ತಿಂಗಳು ಮತ್ತು ದಿನ ಅದಲುಬದಲಾಗುತ್ತಿವೆ

ಪ್ರಶ್ನೆ:
ಜಾವಾ ಪ್ರೋಗ್ರಾಮಿನಿಂದ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡೇಟಾಬೇಸಿಗೆ ದಿನಾಂಕವನ್ನು '03/04/2024 18:30' ಎಂಬ ಪಠ್ಯವಾಗಿ ಕ್ವೆರಿಯೊಳಗೇ ಜೋಡಿಸಿ ಕಳುಹಿಸುತ್ತಿದ್ದೇನೆ. ನನ್ನ ಉದ್ದೇಶ ಏಪ್ರಿಲ್ 3, ಆದರೆ ಕೋಷ್ಟಕದಲ್ಲಿ ಮಾರ್ಚ್ 4 ಎಂದು ಉಳಿಯುತ್ತಿದೆ. '13/04/2024' ಕೊಟ್ಟರೆ ದೋಷ ಸಂದೇಶವೇ ಬರುತ್ತದೆ. ಸರಿಯಾದ ಕ್ರಮ ಯಾವುದೆಂದು ದಯವಿಟ್ಟು ತಿಳಿಸಿ.

ಉತ್ತರ 1:
ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಇಂತಹ ಪಠ್ಯವನ್ನು ಡೇಟ್‌ಸ್ಟೈಲ್ ಎಂಬ ಸೆಟ್ಟಿಂಗ್‌ಗೆ ಅನುಗುಣವಾಗಿ ಓದುತ್ತದೆ, ನಿಮ್ಮಲ್ಲಿ ಅದು ತಿಂಗಳನ್ನು ಮೊದಲು ಎಣಿಸುತ್ತಿದೆ. ಆ ಸೆಟ್ಟಿಂಗನ್ನು ಬದಲಿಸಲು ಹೋಗಬೇಡಿ, ಏಕೆಂದರೆ ಇನ್ನೊಂದು ಸರ್ವರಿನಲ್ಲಿ ಅದು ಬೇರೆಯಾಗಿದ್ದರೆ ಇದೇ ತಪ್ಪು ಸದ್ದಿಲ್ಲದೆ ಮರಳುತ್ತದೆ. ಪಠ್ಯವನ್ನು ಜೋಡಿಸುವುದನ್ನೇ ಬಿಟ್ಟು, ಪ್ರಿಪೇರ್ಡ್ ಸ್ಟೇಟ್‌ಮೆಂಟಿನಲ್ಲಿ (ಮೌಲ್ಯಗಳನ್ನು ಪ್ರತ್ಯೇಕವಾಗಿ ತುಂಬುವ ಕ್ವೆರಿ) ದಿನಾಂಕದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಟ್ಟು, ಜಾವಾದ ಸೆಟ್‌ಆಬ್ಜೆಕ್ಟ್ ಮೂಲಕ ಆಫ್‌ಸೆಟ್‌ಡೇಟ್‌ಟೈಮ್ (ವಲಯದ ಅಂತರವನ್ನೂ ಒಳಗೊಂಡ ದಿನಾಂಕ-ಸಮಯ) ಮೌಲ್ಯವನ್ನು ಕಳುಹಿಸಿ. ಎಸ್‌ಕ್ಯೂಎಲ್ ಇಂಜೆಕ್ಷನ್‌ನ, ಅಂದರೆ ಪಠ್ಯದೊಳಗೆ ದುರುದ್ದೇಶದ ಆದೇಶ ನುಸುಳುವ, ಅಪಾಯವೂ ಇದರಿಂದ ತಪ್ಪುತ್ತದೆ. ಪಠ್ಯವನ್ನೇ ಬರೆಯಬೇಕಾಗಿ ಬಂದಾಗ '2024-04-03' ಎಂದು ವರ್ಷವನ್ನು ಮೊದಲಿಡಿ.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ. ಕಾಲಂನ ಪ್ರಕಾರವನ್ನೂ ಪರಿಶೀಲಿಸಿ: ಟೈಮ್‌ಸ್ಟ್ಯಾಂಪ್‌ಟಿಝಡ್ ಎಂಬ ಪ್ರಕಾರವು ಮೌಲ್ಯವನ್ನು ಯುಟಿಸಿಗೆ (ಜಾಗತಿಕ ಪ್ರಮಾಣಿತ ಸಮಯ) ಪರಿವರ್ತಿಸಿ 8 ಬೈಟುಗಳಲ್ಲಿ ಇಡುತ್ತದೆಯೇ ಹೊರತು, ನೀವು ಕೊಟ್ಟ ಸಮಯವಲಯದ ಹೆಸರನ್ನು ನೆನಪಿಟ್ಟುಕೊಳ್ಳುವುದಿಲ್ಲ. ಪ್ರಕಾರದ ಹೆಸರಿನಲ್ಲಿ ಟಿಝಡ್ (ಸಮಯವಲಯ) ಇರುವುದರಿಂದ ವಲಯವೂ ಉಳಿಯುತ್ತದೆ ಎನಿಸಬಹುದು, ಆದರೆ ಅನೇಕರು ಎಡವುವುದು ಇಲ್ಲಿಯೇ.

ಉತ್ತರ 3:
ಈಗಾಗಲೇ ನಡೆದ ಘಟನೆಗಳಿಗೆ ಟೈಮ್‌ಸ್ಟ್ಯಾಂಪ್‌ಟಿಝಡ್ ಸಾಕು. ಮುಂದಿನ ವರ್ಷದ ಸಭೆಯಂತಹ ಭವಿಷ್ಯದ ಸಮಯಕ್ಕಾದರೆ ಸ್ಥಳೀಯ ಸಮಯವನ್ನೂ ವಲಯದ ಹೆಸರನ್ನೂ ಬೇರೆ ಬೇರೆ ಕಾಲಂಗಳಲ್ಲಿ ಇಡುವುದು ಒಳಿತು, ಏಕೆಂದರೆ ಸರ್ಕಾರಗಳು ಸಮಯವಲಯದ ನಿಯಮಗಳನ್ನು ನಡುವೆಯೇ ಬದಲಿಸುವುದುಂಟು. ಹುಟ್ಟಿದ ದಿನಕ್ಕೆ ಬರಿಯ ಡೇಟ್ ಪ್ರಕಾರ ಸಾಕು. ಅದಕ್ಕೆ ಸಮಯ ಅಂಟಿಸಿದರೆ, ವಲಯ ಬದಲಾದಾಗ ಒಂದು ದಿನ ಹಿಂದೆ ಸರಿದು ಕಾಣಿಸಬಹುದು.

ಪ್ರಶ್ನೆ ಕೇಳಿದವರು:
ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದ ಮೇಲೆ ಏಪ್ರಿಲ್ 3 ಮತ್ತು ಏಪ್ರಿಲ್ 13 ಎರಡೂ ಸರಿಯಾಗಿ ಉಳಿದವು. ಎಲ್ಲರಿಗೂ ಕೃತಜ್ಞತೆಗಳು.